ಮೈಕಿಗೆ ಅಡ್ಡ ಹಿಡಿದ ಕೈ

ಮಾರ್ಚ್ 1, ಬೆಳಿಗ್ಗೆ
ಕಪ್ಪು ಅಂಗಿಗೆ ಇಸ್ತ್ರಿ ಆಯಿತು. ಉಂಗುರ ತೆಗೆದಿಟ್ಟೆ. ವೇದಿಕೆಯಲ್ಲಿ ನನ್ನ ಕೈ ಬಿಟ್ಟು ಬೇರೇನೂ ಕಾಣಬಾರದು. ಅಮ್ಮ ಮಾರ್ಚ್ ಒಂದಕ್ಕೆ ಇಲ್ಲಿ ಎಲ್ಲರೂ ಕಟ್ಟಿಕೊಳ್ಳುವ ಕೆಂಪು-ಬಿಳಿ ದಾರ ಹಿಡಿದು ಕಾದಿದ್ದಳು. ಮಣಿಕಟ್ಟಿಗೆ ಬೇಡ ಎಂದೆ — ಸಂಜ್ಞೆ ಮಾಡುವಾಗ ಜನ ದಾರವನ್ನೇ ನೋಡುತ್ತಾರೆ. ಕಾಲಿಗೆ ಕಟ್ಟಿದಳು, ಬೈಯುತ್ತಲೇ. ಅಮ್ಮನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತಿಲ್ಲ. ಬೈಯಲು ಮಾತ್ರ ಅವಳಿಗೆ ಒಂದೇ ಕೈ ಸಾಕು.

ನಮ್ಮ ಪಕ್ಷದ ನಾಯಕ ಗೆರ್ಗಾನೊವ್ ಅವರೆಂದರೆ ಅವಳಿಗೆ ಪ್ರಾಣ. ಈ ರೂಸೆ ಊರಿನಲ್ಲಿ ಭಾಷಣ ಮಾಡಿದ ಅಷ್ಟೂ ನಾಯಕರಲ್ಲಿ ಕಿವುಡರಿಗಾಗಿ ಪಕ್ಕಕ್ಕೊಬ್ಬ ಸಂಜ್ಞೆಯವಳನ್ನು, ಅಂದರೆ ನನ್ನನ್ನು, ನಿಲ್ಲಿಸಿಕೊಂಡವರು ಅವರೊಬ್ಬರೇ. ಅಮ್ಮನೂ ಅವಳ ಕಿವುಡ ಗೆಳೆಯರೂ ಮುಂದಿನ ಸಾಲು ಬಿಟ್ಟು ಕದಲುವುದಿಲ್ಲ.

ಮಾರ್ಚ್ 3
ರಜೆ. ಆದರೂ ಪಕ್ಷದ ಆಫೀಸಿನಲ್ಲಿ ಸಭೆ. ಗೋಡೆಗೆ ಹೊಸ ಪೋಸ್ಟರ್: ಗೆರ್ಗಾನೊವ್ ಅಂಗಿಯ ತೋಳು ಮಡಚಿ ಪಾತ್ರೆ ತೊಳೆಯುತ್ತಿದ್ದಾರೆ. ಕೆಳಗೆ, "ಹೆಂಗಸರ ಜೊತೆಗೆ". ಅವರೇ ಅದರ ಅಡಿಯಲ್ಲಿ ಕೂತು, ಮುಖ ಕೂಡ ನೋಡದೆ, ಖಾಲಿ ಕಾಫಿ ಕಪ್ಪನ್ನು ಝೋರ್ನಿಟ್ಸಾಳತ್ತ ಚಾಚಿದರು. ಅವಳು ಮಾತು ಅರ್ಧಕ್ಕೆ ಬಿಟ್ಟು ತೊಳೆದು ತಂದಳು. ಅಷ್ಟರಲ್ಲಿ ಅವಳು ಎತ್ತಿದ್ದ ವಿಷಯ ಮುಗಿದೇ ಹೋಗಿತ್ತು.

ಪಕ್ಷದ ಉಪಾಧ್ಯಕ್ಷೆ ಅವಳು! ಗಂಡನ ಹೊಡೆತ ತಾಳದೆ ಓಡಿಬಂದ ಹೆಂಗಸರಿಗೆ ಊರಿನಲ್ಲಿ ಒಂದು ಮನೆ ಇದೆ ಎಂದರೆ ಅದು ಅವಳು ಅಲೆದಲೆದು ಮಾಡಿಸಿದ್ದು. ಈಗ ನಗರಸಭೆ ಆ ಕಟ್ಟಡ ಮಾರಲು ಹೊರಟಿದೆ. ನಗರಸಭೆ ನಮ್ಮ ಪಕ್ಷದ್ದೇ.

ಮೆಟ್ಟಿಲ ಬಳಿ ನನ್ನ ಕೈ ಹಿಡಿದುಕೊಂಡಳು. "ಎಂಟನೇ ತಾರೀಕು, ಮಹಿಳಾ ದಿನಕ್ಕೆ, ನಂಗೂ ಮೈಕ್ ಕೊಡ್ತೀನಿ ಅಂದಿದ್ದಾರೆ, ಯೋನಾ. ಮನೆ ಹೋಗ್ತಾ ಇದೆ ಅಂತ ಜನರೆದುರು ಒಂದ್ಸಲ ಹೇಳ್ಬಿಟ್ರೆ ಆಯ್ತು. ಆಮೇಲೆ ಮಾರೋಕೆ ಅವರಿಗೆ ಧೈರ್ಯ ಬರಲ್ಲ."

ಮಾರ್ಚ್ 6
ಕಾರಿನಲ್ಲಿ ನಾನು, ಗೆರ್ಗಾನೊವ್, ಡ್ರೈವರ್. ಚಳಿಗೆ ನಡುಗುತ್ತಿದ್ದೆ, ಕೇಳದೆಯೇ ತಮ್ಮ ಕೋಟು ಹೊದಿಸಿದರು. ಅಮ್ಮನ ಮಂಡಿನೋವು ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಫೋನಿನಲ್ಲಿ ಝೋರ್ನಿಟ್ಸಾ. ಊರು ಮುಟ್ಟುವವರೆಗೂ ಅವಳನ್ನು ಜಾಲಾಡಿದರು — ತಲೆ ಇಲ್ಲ, ಅಳುಮುಂಜಿ, ತಾನಿಲ್ಲದಿದ್ದರೆ ಅವಳನ್ನು ನಾಯಿಯೂ ಮೂಸುತ್ತಿರಲಿಲ್ಲ... ಕೋಟು ಬೆಚ್ಚಗಿತ್ತು. ಕಿಟಕಿ ನೋಡುತ್ತ ಕೂತೆ. ನಾನು ಬಾಯಿ ಬಿಟ್ಟರೆ ಕೆಲಸ ಹೋದೀತು, ಅದು ಹಾಳಾಗಲಿ, ಅಮ್ಮನ ಬಳಗದ ಮುಂದಿನ ಸಾಲೂ ಹೋಗುತ್ತದೆ.
ನಾಚಿಕೆ ಆಗುತ್ತಿದೆ.

ಮಾರ್ಚ್ 8, ಸಂಜೆ
ಈಗಷ್ಟೇ ಮನೆಗೆ ಬಂದೆ. ಬರೆದುಬಿಡುತ್ತೇನೆ.

ಸಭಾಂಗಣ ತುಂಬಿತ್ತು. ಪ್ರತಿ ಹೆಂಗಸಿನ ಕೈಯಲ್ಲೂ ಟುಲಿಪ್ ಹೂ. ಗೆರ್ಗಾನೊವ್ ಚೆನ್ನಾಗಿಯೇ ಮಾತಾಡಿದ. ನಮ್ಮ ಪಕ್ಷದಲ್ಲಿ ಹೆಣ್ಣಿನ ಮಾತೇ ಮೊದಲು ಎಂದ. ನನ್ನ ಕೈಯೂ ಹಾಗೇ ಎಂದಿತು. ನಿರೂಪಕ ಝೋರ್ನಿಟ್ಸಾಳ ಹೆಸರು ಕೂಗಿದ. ಅವಳು ಮುಂದೆ ಬಂದಳು. ಗೆರ್ಗಾನೊವ್ ಮೈಕಿಗೆ ಅಂಗೈ ಅಡ್ಡ ಹಿಡಿದು, ಜನರತ್ತ ನಗುತ್ತಲೇ, ಮೆಲ್ಲಗೆ ಹೇಳಿದ:

"ಹಿಂದೆ ಹೋಗಿ ನಿಂತ್ಕೋ, ಹುಡುಗಿ. ನಿನ್ನ ಮುಖ ನೋಡೋಕೆ ಯಾರೂ ಬಂದಿಲ್ಲ. ಹೂ ಹಿಡ್ಕೊಂಡು ನಗ್ತಾ ಇರು, ಸಾಕು."

ಸಭೆಯಲ್ಲಿ ಯಾರಿಗೂ ಕೇಳಿಸಲಿಲ್ಲ. ಪಕ್ಕದಲ್ಲಿದ್ದ ನನಗೆ ಕೇಳಿಸಿತು. ಚಿಕ್ಕಂದಿನಿಂದ ಅಮ್ಮನದು ಒಂದೇ ಕಟ್ಟಪ್ಪಣೆ — ನಿನ್ನ ಕಿವಿಗೆ ಬಿದ್ದದ್ದೆಲ್ಲ ನನಗೆ ಬೇಕು, ಆರಿಸಿ ಕೊಡಬೇಡ. ಯೋಚಿಸಿ ಮಾಡಿದೆನೋ, ರೂಢಿಯಿಂದಲೋ... ಇಲ್ಲ, ಸುಳ್ಳೇಕೆ? ಯೋಚಿಸಿಯೇ ಮಾಡಿದೆ. ಒಂದಕ್ಷರ ಬಿಡದೆ ಕೈಯಲ್ಲಿ ಹೇಳಿದೆ. "ಹುಡುಗಿ" ಎಂದದ್ದನ್ನೂ.

ಝೋರ್ನಿಟ್ಸಾ ಹಿಂದೆ ಹೋಗಿ ನಿಂತಿದ್ದಳು. ಸಭೆಯೆಲ್ಲ ಚಪ್ಪಾಳೆ. ಚಪ್ಪಾಳೆಯ ಬದಲು ಕೈ ಎತ್ತಿ ಆಡಿಸುವ ಮುಂದಿನ ಸಾಲಿನಲ್ಲಿ ಒಂದು ಕೈಯೂ ಮೇಲೇಳಲಿಲ್ಲ.

ಅಮ್ಮ ಎದ್ದಳು. ಟುಲಿಪ್ಪನ್ನು ಕುರ್ಚಿಯ ಮೇಲಿಟ್ಟು ಸಂಜ್ಞೆ ಮಾಡತೊಡಗಿದಳು. ಗೆರ್ಗಾನೊವ್ ಅಕ್ಕರೆಯಿಂದ, "ನಮ್ಮ ಅಮ್ಮ ಏನೋ ಹೇಳ್ತಿದ್ದಾರೆ, ಜೋರಾಗಿ ಹೇಳಮ್ಮ ಯೋನಾ" ಎನ್ನುತ್ತ ತಾನೇ ಮೈಕು ನನ್ನ ಬಾಯಿಗೆ ಹಿಡಿದ.

ಅಮ್ಮನ ಕೈ ಹೇಳಿದ್ದನ್ನೇ ಹೇಳಿದೆ. "ಆ ಹುಡುಗಿ ಮುಖ ನೋಡೋಕೇ ನಾವು ಬಂದಿರೋದು. ಹಿಂದೆ ಹೋಗಿ ನಿಂತ್ಕೋ ಅಂದ್ರಲ್ಲ, ನೀವು ನಿಂತ್ಕೊಳ್ಳಿ ಈಗ. ಅವಳು ಮಾತಾಡ್ಲಿ."

ಆತ ಹಿಂದೆ ಸರಿದ. ನಗು ಹಾಗೇ ಇತ್ತು, ಕಿವಿ ಮಾತ್ರ ಕೆಂಪು. ಅಯ್ಯೋ ಪಾಪ ಅನ್ನಿಸಿದ್ದೂ ನಿಜ. ಝೋರ್ನಿಟ್ಸಾ ಆ ಹೆಂಗಸರ ಮನೆಯ ವಿಷಯ ಹೇಳಿದಳು. ಮೊದಮೊದಲು ತೊದಲುತ್ತ, ಆಮೇಲೆ ಗಟ್ಟಿಯಾಗಿ. ಕಾಗದ ನೋಡಲೇ ಇಲ್ಲ.

ಮಾರ್ಚ್ 12
ಪತ್ರಿಕೆಯಲ್ಲಿ ಗೆರ್ಗಾನೊವ್ ಮೈಕ್ ಬಿಟ್ಟುಕೊಡುತ್ತಿರುವ ಫೋಟೋ. ದೊಡ್ಡ ಮನಸ್ಸಂತೆ! ಕಟ್ಟಡದ ಮಾರಾಟ ನಿಂತಿದೆ. ಝೋರ್ನಿಟ್ಸಾಳನ್ನು ಉಪಾಧ್ಯಕ್ಷೆ ಸ್ಥಾನದಿಂದ ಇಳಿಸಿದ್ದು ಒಳಪುಟದಲ್ಲಿ ಎರಡು ಸಾಲು. ನನಗೆ ಆಫೀಸಿನಿಂದ ಫೋನ್ — ಇನ್ನು ಮುಂದೆ ಸಂಜ್ಞೆ ಬೇಡವಂತೆ. ಅಮ್ಮನಿಗೆ ಹೇಗೆ ಹೇಳಲಿ ಎಂದು ಬೆಳಿಗ್ಗೆಯಿಂದ ಒದ್ದಾಡಿ, ಕೊನೆಗೆ ಹೇಳಿದೆ. ಆರಿಸದೆ. ಅವಳು ಎದ್ದು, ಚೀಸ್ ಹಾಕಿ ಬೇಯಿಸುವ ಬಾನಿತ್ಸಾಗೆ ಹಿಟ್ಟು ಲಟ್ಟಿಸಲು ಕೂತಳು.

ಕರೆಗಂಟೆಯ ದೀಪ ಮಿನುಗುತ್ತಿದೆ. ನನಗಿಂತ ಮೊದಲು ಅಮ್ಮನೇ ಓಡಿದಳು, ಹಿಟ್ಟಿನ ಕೈಯಲ್ಲೇ. ಝೋರ್ನಿಟ್ಸಾ. ಆಫೀಸಿನಿಂದ ತಂದ ತನ್ನ ಸಾಮಾನಿನ ಪೆಟ್ಟಿಗೆ ಕೆಳಗಿಟ್ಟು ಅಮ್ಮನಿಗೆ ಸಂಜ್ಞೆ ಮಾಡುತ್ತಿದ್ದಾಳೆ — ಎಲ್ಲಿ ಕಲಿತಳೋ, ಇಷ್ಟು ದಿನ ನನ್ನ ಕೈ ನೋಡಿಯೇ ಇರಬೇಕು. ಎಲ್ಲ ತಪ್ಪು ತಪ್ಪು. ಅಮ್ಮ ಅವಳ ಬೆರಳು ಹಿಡಿದು ತಿದ್ದುತ್ತಿದ್ದಾಳೆ, ಇಬ್ಬರ ಕೈಗೂ ಹಿಟ್ಟು. ನಾನು ಹೋಗಬೇಕು, ಇಲ್ಲದಿದ್ದರೆ ಇವರಿಬ್ಬರೂ ಬಾಗಿಲಲ್ಲೇ ನಿಂತು...