ಲಿಂಗಮ್ಮನ ಮಣ್ಣು

ಅಜ್ಜಂಪುರ
೧೨ ಫೆಬ್ರವರಿ ೧೯೨೦

ಚಿ. ಸೌ. ಮಲ್ಲಿಕಾಂಬಳಿಗೆ ನಿನ್ನಪ್ಪ ತೀರ್ಥಪ್ಪನ ಮನಸಾರೆ ಹರಕೆ.

ಲಿಂಗದಹಳ್ಳಿಯಲ್ಲಿ ನೀವೆಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಿನ್ನವ್ವ ಲಿಂಗಮ್ಮ ಹೋಗಿ ವರ್ಷ ದಾಟಿದರೂ ಕಾಗದ ಬರೆಯಲಿಲ್ಲವೆಂದು ಬೇಸರ ಬೇಡ ಮಗಳೇ. ಬರೆಯಲು ಕೈ ಏಳಲಿಲ್ಲ. ಅವಳು ಹೇಗೆ ಹೋದಳೆಂದು ನಿನಗೆ ಯಾರೂ ಸರಿಯಾಗಿ ಹೇಳಿರಲಾರರು.

ದಂಡಿನಲ್ಲಿದ್ದಾಗ, ಸಮುದ್ರದಾಚೆ ಜೋರ್ಡಾನ್ ಹೊಳೆಯ ದಂಡೆಯಲ್ಲಿ ತುರ್ಕರ ಗುಂಡು ಎಡಗೈಗೆ ಬಿತ್ತು. ಮೊಣಕೈವರೆಗೆ ಕತ್ತರಿಸಿ ನನ್ನನ್ನು ಊರಿಗೆ ಕಳಿಸಿದರು. ನವರಾತ್ರಿಯ ಹೊತ್ತಿಗೆ ರೈಲಿಳಿದೆ. ಪಟೇಲ ಚಿಕ್ಕಬೀರಪ್ಪ ಸ್ಟೇಷನ್ನಿಗೇ ಓಲಗ ತರಿಸಿದ್ದ. "ನಮ್ಮೂರ್ ಹುಲಿ ಬಂದ ಕಣ್ರೋ!" ಎಂದು ಹಾರ ಹಾಕಿ ತಬ್ಬಿಕೊಂಡ.

ಆ ವಾರವೇ ಊರಿಗೆ ಜ್ವರ ಹೊಕ್ಕಿತು. ಬೀರೂರು, ತರೀಕೆರೆಯಲ್ಲಿ ಆಗಲೇ ಹೆಣ ಬೀಳುತ್ತಿದ್ದವು. ಆದರೆ ಪಟೇಲನ ಮಗ ಸತ್ತ ದಿನ ಅವನು ನಮ್ಮ ಬಾಗಿಲಿಗೆ ಬಂದು ಕಿರುಚಿದ: "ಈ ಮಾರೀನ ಸಮುದ್ರದಾಚೆಯಿಂದ ಹೊತ್ಕೊಂಡ್ ಬಂದೋನು ಇವ್ನೇ! ಇವನ್ ಮನೇರು ಬಾವಿ ಮುಟ್ಟಿದ್ರೆ ಕಾಲ್ ಮುರೀರಿ!" ಊರವರು ಬಾಗಿಲಿಗೆ ಜಾಲಿಮುಳ್ಳು ಒಡ್ಡಿದರು.

ಅಷ್ಟರಲ್ಲಿ ಅವ್ವನ ಮೈ ಕೆಂಡವಾಗಿತ್ತು. "ಒಂದ್ ಗುಟುಕ್ ನೀರ್ ಕೊಡೀ" ಎಂದಳು. ಮನೆಯಲ್ಲಿ ಹನಿ ನೀರಿರಲಿಲ್ಲ. ಮುಳ್ಳು ಸರಿಸಿ ಬಾವಿಗೆ ಹೋದೆ. ಜೊತೆಯಲ್ಲಿ ಆಡಿ ಬೆಳೆದವರೇ ಕಲ್ಲು ಬೀರಿದರು, ಕೊಡ ಒಡೆಯಿತು. ಕೆರೆಗೆ ಓಡಿ ರುಮಾಲು ನೆನೆಸಿಕೊಂಡು ಬಂದೆ. ಅವಳ ಬಾಯಿ ತೆರೆದೇ ಇತ್ತು, ಉಸಿರಿರಲಿಲ್ಲ.

ಹೆಗಲು ಕೊಡಲು ಯಾರೂ ಬರಲಿಲ್ಲ. ಬೆನ್ನಿಗೆ ಕಟ್ಟಿಕೊಂಡು ಹೋದೆ. ಒಂದೇ ಕೈಯಲ್ಲಿ ಹಾರೆ ಹಾಕಿದೆ, ಗುಂಡಿ ಆಳವಾಗಲಿಲ್ಲ. ಮಾರನೆಯ ದಿನ ನಾಯಿಗಳನ್ನು ಓಡಿಸಿ ಮೇಲೆ ಕಲ್ಲು ಹೇರಿದೆ. ದಂಡಿನಲ್ಲಿ ಸತ್ತ ಕುದುರೆಗೂ ನಾಲ್ಕು ಜನ ಸೇರಿ ಮಣ್ಣು ಮಾಡುತ್ತಿದ್ದೆವು ಮಗಳೇ.

ಹೋದ ವಾರ ತರೀಕೆರೆ ಕಚೇರಿಯಲ್ಲಿ ಅಮಲ್ದಾರರು ನನ್ನ ಎದೆಗೆ ಪದಕ ಚುಚ್ಚಿದರು. ಹಾರ ಹಾಕಿದವನು ಚಿಕ್ಕಬೀರಪ್ಪನೇ. "ಹಳೇದೆಲ್ಲ ಮರ್ತ್ಬಿಡಪ್ಪಾ" ಎಂದ. ಕತ್ತು ಬಗ್ಗಿಸಿದೆ. ಇಂದಿಗೂ ಅವನ ಅಪ್ಪಣೆಯಿಲ್ಲದೆ ನನಗೆ ಬಾವಿಯ ನೀರಿಲ್ಲ.

ನೀನು ಮಣ್ಣಿಗೆ ಬರಲಿಲ್ಲವೆಂಬ ಕೋಪ ನನಗಿಲ್ಲ. ಹೇಳಿಕಳಿಸಲೂ ಒಬ್ಬ ಆಳು ಸಿಗಲಿಲ್ಲ. ಅಳಿಯಂದಿರಿಗೂ ನಿಮ್ಮತ್ತೆಯವರಿಗೂ ನನ್ನ ಶರಣು ತಿಳಿಸು. ಮುತ್ತೈದೆಯಾಗಿ ನೂರು ಕಾಲ ಬಾಳು, ನಿನ್ನ ಒಡಲು ತಣ್ಣಗಿರಲಿ.

ಇತಿ ನಿನ್ನಪ್ಪ,
ತೀರ್ಥಪ್ಪ

ಬರೆಯಬಾರದೆಂದಿದ್ದ ಮಾತು: ಪದಕ ತೊಟ್ಟುಕೊಂಡೇ ಅಂದು ತರೀಕೆರೆ ಸಂತೆಗೆ ಹೋದೆ. ಬಳೆಯಂಗಡಿಯ ಮುಂದೆ ನೀನಿದ್ದೆ. ನಿನ್ನ ಕಣ್ಣು ನನ್ನ ಕಣ್ಣಲ್ಲಿ ನಿಂತಿತು. ಹೊಳೆಯುವ ಪದಕ ಕಂಡು ನಿನ್ನ ಮಗ ಓಡಿಬಂದು ನನ್ನ ಬೆರಳು ಹಿಡಿದ. ನಿನ್ನ ಮದುವೆಯ ವರ್ಷ ನಾನು ದಂಡಿನಲ್ಲಿದ್ದೆ. ನಿಮ್ಮತ್ತೆಗೆ ನನ್ನ ಮುಖ ತಿಳಿಯದು. "ಯಾರೇ ಅದು?" ಎಂದರು. "ಯಾರೋ, ಗೊತ್ತಿಲ್ಲ ಕಣತ್ತೆ" ಎಂದೆ ನೀನು. ಮಗುವನ್ನು ನಿನ್ನತ್ತ ಎಳೆದುಕೊಂಡು, ಆ ಪುಟ್ಟ ಕೈಯನ್ನು ಸೆರಗಿನಿಂದ ತಿಕ್ಕಿ ತಿಕ್ಕಿ ಒರೆಸಿದೆ.