ತೋಂಟೇಶನಿಗೆ ಮುಟ್ಟದ ಉತ್ತರ

ಗದಗ
ಫೆಬ್ರವರಿ 30, 2171

ನೂರೈವತ್ತು ವರ್ಷ ಹಿಂದಿರುವ ನನ್ನ ಹಿರಿಯರಿಗೆ,

ಮೇಲಿನ ತಾರೀಖು ನೋಡಿ ನಗಬೇಡಿ. ನಮ್ಮ ಕಡೆಯ ಕ್ಯಾಲೆಂಡರಿನಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ನೆನಪಿಡಲು ಅನುಕೂಲ ಎಂದು ಯಾರೋ ಹಾಗೆ ಮಾಡಿದರು, ಉಳಿದವರು ಹೂಂ ಎಂದರು. ಮಿಕ್ಕ ಐದು ದಿನಗಳನ್ನು ವರ್ಷದ ಕೊನೆಗೆ ಹೆಸರಿಲ್ಲದೆ ಬಿಟ್ಟಿದ್ದೇವೆ. ಆ ದಿನಗಳಲ್ಲಿ ಹುಟ್ಟಿದವರ ಗೋಳು ಕೇಳಬೇಡಿ. ಈ ಪತ್ರದಲ್ಲಿ ನಿಮಗೆ ಗೊತ್ತಿಲ್ಲದ ಕೆಲವು ಪದಗಳು ಬರುತ್ತವೆ, ಅದಕ್ಕೆ ಕ್ಷಮೆಯಿರಲಿ. ಕಾಗದದ ಮೇಲೆ ಪೆನ್ನು ಹಿಡಿದು ಬರೆದು ನನಗೆ ರೂಢಿಯಿಲ್ಲ, ಅಕ್ಷರ ಸೊಟ್ಟಗಾಗಿದ್ದರೆ ಅದಕ್ಕೂ ಇರಲಿ. ನನ್ನ ತಮ್ಮ ತೋಂಟೇಶ ತೀರಿಕೊಂಡು ಇಂದಿಗೆ ಹದಿನೆಂಟು ದಿನ. ಅವನು ಬದುಕಬಹುದಾಗಿತ್ತು. ಯಾಕೆ ಬದುಕಲಿಲ್ಲ ಎಂಬುದನ್ನು ನಿಮಗೆ ಹೇಳಬೇಕಾಗಿದೆ, ಏಕೆಂದರೆ ಅದರ ಮೊದಲ ಹೆಜ್ಜೆ ಇಟ್ಟವರು ನೀವು.

ನನ್ನ ಹೆಸರು ಮಹಾನಂದಾ. ವಯಸ್ಸು ಅರವತ್ತು. ಗದಗಿನ ಪೇಟೆಯಲ್ಲಿರುವ ದಾಟುಕಟ್ಟೆಯಲ್ಲಿ ಮೂವತ್ತೆರಡು ವರ್ಷದಿಂದ ದಾಟುಗಾರ್ತಿ. ದಾಟುಕಟ್ಟೆ ಎಂದರೆ ಒಂದು ಬಗೆಯ ಫೋನಿನವರ ಸಂದೇಶವನ್ನು ಇನ್ನೊಂದು ಬಗೆಯ ಫೋನಿನವರಿಗೆ ದಾಟಿಸಿ ಕೊಡುವ ಜಾಗ. ನಮ್ಮ ನಾಡಿನಲ್ಲಿ ಈಗ ಎರಡೇ ಬಗೆ: ಗೂಡು ಮತ್ತು ತೊರೆ. ಗೂಡಿನವರು ಗೂಡಿನವರೊಂದಿಗೆ, ತೊರೆಯವರು ತೊರೆಯವರೊಂದಿಗೆ. ಗದಗ ಪೂರ್ತಿ ಗೂಡಿನ ಊರು. ಕೊಪ್ಪಳ ದಾಟಿದರೆ ಹೊಸಪೇಟೆಯಾಚೆಗೂ ತೊರೆ. ಇಲ್ಲಿಯವರಿಗೆ ಅಲ್ಲಿಯವರೊಡನೆ ಮಾತಿರುವುದು ಅಪರೂಪ. ಮಾತಿದ್ದವರು ನನ್ನ ಮುಂದೆ ಬಂದು ಕೂರುತ್ತಾರೆ, ನಾನು ದಾಟುಯಂತ್ರ ಹಚ್ಚಿ ಕೊಡುತ್ತೇನೆ.

ಎರಡರಲ್ಲಿ ಯಾವುದು ಅನುಕೂಲ ಎಂದು ಕೇಳಿದರೆ ನಾನು ಸುಳ್ಳು ಹೇಳುವುದಿಲ್ಲ, ಎರಡೂ ಅನುಕೂಲವೇ. ಗೂಡು ಕಣ್ಣು ಮತ್ತು ಬೆರಳಿನದು. ಸದ್ದಿಲ್ಲ. ನೀವು ಅರ್ಧ ಬರೆದರೆ ಉಳಿದರ್ಧ ಅದೇ ಬರೆಯುತ್ತದೆ, ಎಷ್ಟೋ ಸಲ ನಿಮಗಿಂತ ಚೆನ್ನಾಗಿ ಬರೆಯುತ್ತದೆ. ಎದುರಿನವರು ಓದಿದರೋ ಇಲ್ಲವೋ, ಓದುವಾಗ ಕೂತಿದ್ದರೋ ಮಲಗಿದ್ದರೋ ಎಲ್ಲ ಗೊತ್ತಾಗುತ್ತದೆ. ಬೆಳಿಗ್ಗೆ ನೀವು ಕಣ್ಣು ಬಿಡುವ ಮೊದಲೇ ಹಾಲಿನವಳಿಗೆ ಸುದ್ದಿ ಮುಟ್ಟಿರುತ್ತದೆ. ಮನೆಯ ಕದ, ಶಾಲೆಯ ಗೇಟು, ಬಸ್ಸಿನ ಬಾಗಿಲು, ಎಲ್ಲವೂ ಗೂಡಿನ ಗುರುತು ನೋಡಿಯೇ ತೆರೆಯುತ್ತವೆ. ತೊರೆ ಕಿವಿ ಮತ್ತು ಬಾಯಿಯದು. ರೊಟ್ಟಿ ಬಡಿಯುತ್ತ, ಕೈಯೆಲ್ಲ ಹಿಟ್ಟಾಗಿರುವಾಗ ಮಾತಾಡಿದರೆ ಸಾಕು, ಹೋಗಿ ಮುಟ್ಟುತ್ತದೆ. ಯಾರು ಕೇಳಿದರು ಯಾರು ಕೇಳಲಿಲ್ಲ ಎಂದು ಅದು ಚಾಡಿ ಹೇಳುವುದಿಲ್ಲ, ಹಾಗಾಗಿ ತೊರೆಯವರ ಮನೆಗಳಲ್ಲಿ ಜಗಳ ಕಡಿಮೆ ಎನ್ನುತ್ತಾರೆ. ಕಣ್ಣು ಮಂಜಾದವರಿಗೆ, ಅಕ್ಷರ ಒಲಿಯದವರಿಗೆ ತೊರೆಯಂಥದ್ದು ಇನ್ನೊಂದಿಲ್ಲ.

ನಿಮ್ಮ ಕಾಲದಲ್ಲಿ ಇದು ಹೇಗೆ ಶುರುವಾಯಿತು ಎಂಬುದು ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ನಮ್ಮ ಮನೆತನದ್ದೊಂದು ಗ್ರೂಪ್ ಇತ್ತಂತೆ, ಮೂವತ್ತೊಂದು ಜನ. ಅದರಲ್ಲಿ ಒಬ್ಬ ಕಾಕಾನ ಫೋನು ಮಾತ್ರ ಬೇರೆ ಬಗೆಯದು. ಅವನು ಕಳಿಸಿದ ವಿಡಿಯೋ ಉಳಿದವರಿಗೆ ಮಸುಕಾಗಿ ಬರುತ್ತಿತ್ತು. ಇವರು ಕಳಿಸಿದ ಹೃದಯದ ಗುರುತು ಅವನಿಗೆ ‘ಇಂಥವರು ನಿಮ್ಮ ಸಂದೇಶವನ್ನು ಮೆಚ್ಚಿದ್ದಾರೆ’ ಎಂದು ಸರ್ಕಾರಿ ನೋಟೀಸಿನ ಹಾಗೆ ಹೋಗುತ್ತಿತ್ತು. ಅವನೊಬ್ಬನಿಂದ ಎಲ್ಲರಿಗೂ ತೊಂದರೆ ಎಂದು ಯಾರೋ ಮೂವತ್ತು ಜನರ ಇನ್ನೊಂದು ಗ್ರೂಪ್ ಮಾಡಿದರು. ಕಾಕಾನ ಮೇಲೆ ಯಾರಿಗೂ ದ್ವೇಷವಿರಲಿಲ್ಲ. ಅವನಿಗೆ ಆಮೇಲೆ ಬೇರೆ ಹೇಳಿದರಾಯಿತು ಎಂದುಕೊಂಡರು. ಕೆಲವು ವಾರ ಹೇಳಿದರು ಕೂಡ. ಆಮೇಲೆ ಒಂದು ಸೀಮಂತ ಅವನಿಗೆ ಗೊತ್ತಾಗದೇ ಮುಗಿಯಿತು, ಒಂದು ಸಾವು ಮೂರು ದಿನ ತಡವಾಗಿ ಮುಟ್ಟಿತು. ಅವನ ಮಕ್ಕಳು ಅವನ ಬಗೆಯ ಫೋನನ್ನೇ ಕೊಂಡರು, ಅವನ ಬಗೆಯವರಲ್ಲೇ ಹೆಣ್ಣು ತಂದರು. ಹೀಗೆ ಮನೆ ಮನೆಯಲ್ಲೂ ಆಯಿತು.

ಆಗ ನಿಮ್ಮ ಹತ್ತಿರ ನಂಬರು ಎಂಬುದಿತ್ತಂತೆ. ಹತ್ತು ಅಂಕಿ. ಆ ಅಂಕಿಗಳನ್ನು ಒತ್ತಿದರೆ ಯಾವ ಬಗೆಯ ಫೋನೇ ಇರಲಿ ರಿಂಗಾಗುತ್ತಿತ್ತು, ಅತ್ತಲಿನವರು ಹಲೋ ಎನ್ನುತ್ತಿದ್ದರು. ನಮ್ಮ ಮಕ್ಕಳಿಗೆ ಇದನ್ನು ಹೇಳಿದರೆ ಅಜ್ಜಿ ಕಥೆ ಕಟ್ಟುತ್ತಾಳೆ ಎಂದು ನಗುತ್ತಾರೆ. ನಂಬರುಗಳನ್ನು ನಿಲ್ಲಿಸುವ ದಿನ ಯಾರೂ ತಕರಾರು ಮಾಡಲಿಲ್ಲ. ಯಾರೂ ಬಳಸುತ್ತಿರಲಿಲ್ಲವಲ್ಲ, ತಕರಾರು ಯಾತರದ್ದು?

ತೋಂಟೇಶ ನನಗಿಂತ ನಾಲ್ಕು ವರ್ಷ ಚಿಕ್ಕವನು. ಹುಟ್ಟಿನಿಂದ ಅವನ ಕಣ್ಣು ಮಂದ. ಕೈಯಳತೆಯಾಚೆ ಏನೂ ಸರಿಯಾಗಿ ಕಾಣುತ್ತಿರಲಿಲ್ಲ. ಹದಿನೆಂಟು ತುಂಬಿದ ಮೇಲೆ ನಮ್ಮಲ್ಲಿ ಸೇರ್ಪಡೆ ಎಂಬುದಾಗುತ್ತದೆ, ಗೂಡೋ ತೊರೆಯೋ ಎಂದು ಬರೆದುಕೊಡಬೇಕು, ಆಮೇಲೆ ಬದಲಿಸುವ ಹಾಗಿಲ್ಲ. ಅವನು ತೊರೆ ಎಂದ. ನಾನು ಅತ್ತೆ. ನಮ್ಮವ್ವ ಮಾತ್ರ, “ಅಂವಗ ಅನಕೂಲ ಆಗೂದಿದ್ರ ಹೋಗ್ಲಿ ಬಿಡವಾ” ಎಂದಳು. ಅವಳ ಮಾತು ತಪ್ಪಾಗಿರಲಿಲ್ಲ. ಹೊಸಪೇಟೆಗೆ ಹೋಗಿ ಅವನು ನೀರೆತ್ತುವ ಪಂಪುಮನೆಯಲ್ಲಿ ಕೆಲಸಕ್ಕೆ ಸೇರಿದ. ಮೋಟಾರಿನ ಸದ್ದು ಕೇಳಿಯೇ ಎಲ್ಲಿ ಏನು ಕೆಟ್ಟಿದೆ ಎಂದು ಹೇಳುತ್ತಿದ್ದನಂತೆ. ಹುಲಿಗೆಮ್ಮ ಎಂಬ ತೊರೆಯ ಹುಡುಗಿಯನ್ನು ಮದುವೆಯಾದ. ನಿಮ್ಮ ಕಾಲದಲ್ಲಿ ಗದಗಿನಿಂದ ಹೊಸಪೇಟೆಗೆ ಎರಡು ತಾಸಿನ ಹಾದಿಯಂತೆ. ಈಗ ನಮ್ಮ ಬಸ್ಸು ಕೊಪ್ಪಳಕ್ಕೆ ನಿಲ್ಲುತ್ತದೆ. ಅತ್ತಲ ಬಸ್ಸು ಹತ್ತಬೇಕಾದರೆ ತೊರೆಯವರಿಂದ ಹಾದಿಚೀಟಿ ತರಿಸಬೇಕು, ಅದಕ್ಕೆ ಆರು ದಿನ ಕಾಯಬೇಕು. ಮೂವತ್ತೆಂಟು ವರ್ಷದಲ್ಲಿ ನಾವಿಬ್ಬರೂ ಒಂಬತ್ತು ಸಲ ಭೇಟಿಯಾಗಿದ್ದೇವೆ.

ಈಗ ಎರಡು ಪದಗಳನ್ನು ನಿಮಗೆ ತಿಳಿಸಲೇಬೇಕು. ಗೂಡಿನಲ್ಲಿ ಒತ್ತು ಎಂಬುದಿದೆ. ಫೋನಿನ ಗಾಜಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರೆ, ಅತ್ತಲಿನವರ ಗಾಜು ಅದೇ ಜಾಗದಲ್ಲಿ ಬೆಚ್ಚಗಾಗುತ್ತದೆ. ಬಂದೆ, ಜೊತೆಗಿದ್ದೇನೆ, ಅಂಜಬೇಡ ಎಂದು ಅದರ ಅರ್ಥ. ಎಷ್ಟು ಹೊತ್ತು ಒತ್ತುತ್ತೀರೋ ಅಷ್ಟು ಪ್ರೀತಿ. ಹೆಣ್ಣು ಒಪ್ಪುವುದು, ಸತ್ತ ಮನೆಯವರನ್ನು ಸಮಾಧಾನ ಮಾಡುವುದು ಎಲ್ಲ ಒತ್ತಿನಲ್ಲೇ. ಒತ್ತಿನ ಮೇಲೆ ಮಾತು ಸೇರಿಸುವುದು ನಮ್ಮಲ್ಲಿ ಒರಟುತನ. ತೊರೆಯಲ್ಲಿ ಬರಿದನಿ ಎಂಬುದಿದೆ. ಕೇಳಿದ್ದನ್ನು ಮಾಡಲು ಮನಸ್ಸಿಲ್ಲದಿದ್ದರೆ ಅವರು ಇಲ್ಲ ಎಂದು ಬಾಯಲ್ಲಿ ಹೇಳುವುದಿಲ್ಲ, ಮಾತೇ ಇಲ್ಲದ ಖಾಲಿ ದನಿಯೊಂದನ್ನು ಕಳಿಸುತ್ತಾರೆ. ಆಗುವುದಿಲ್ಲ, ಮತ್ತೆ ಕೇಳಬೇಡ ಎಂದು ಅದರ ಅರ್ಥ. ನೋವಾಗದ ಹಾಗೆ ಬೇಡವೆನ್ನುವ ರೀತಿ ಅದು ಎಂದು ಅವರ ನಂಬಿಕೆ.

ಒತ್ತಿನಲ್ಲಿ ಮಾತಿಲ್ಲ. ಹಾಗಾಗಿ ದಾಟುಯಂತ್ರ ಅದನ್ನು ತೊರೆಗೆ ಬರಿದನಿಯಾಗಿ ದಾಟಿಸುತ್ತದೆ. ಇದು ಕಟ್ಟೆಗೆ ಬರುವ ಎಲ್ಲರಿಗೂ ಗೊತ್ತು, ಗೋಡೆಗೆ ಬೋರ್ಡೇ ಹಾಕಿದ್ದೇವೆ. ಆದರೂ ದಿನಕ್ಕೆ ಹತ್ತು ಜನ ಬೆರಳು ಮುಂದೆ ತರುತ್ತಾರೆ. ನಾನು ಅವರ ಕೈ ಹಿಡಿದು, “ಹೆಬ್ಬಟ್ಟು ತಗೀರಿ! ಅಕಡೆ ಇರೋರು ತೊರಿ ಮಂದಿ. ಮಾತು ಬರದು ಕಳಸ್ರಿ” ಎಂದು ಗದರುತ್ತೇನೆ. ಒಮ್ಮೆ ಒಬ್ಬ ಮುದುಕ, “ಈ ವಯಸ್ಸಿನ್ಯಾಗ ಹೇಣ್ತಿಗೆ ‘ಬಾ’ ಅಂತ ಬರದು ಕಳಸೂದು ಅಂದ್ರ ನಾಚಿಕಿ ಬರ್ತದವಾ, ನೀನ ಬರಿ” ಎಂದು ಮುಖ ಮುಚ್ಚಿಕೊಂಡ. ನಾನೇ ಬರೆದೆ. ಅವತ್ತು ಕಟ್ಟೆಯಲ್ಲಿದ್ದವರೆಲ್ಲ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೆವು.

ಈ ತಿಂಗಳು ಆರನೇ ತಾರೀಖು ಮಧ್ಯಾಹ್ನ, ಕಟ್ಟೆಯಲ್ಲಿ ಮಂದಿ ಸಾಲು ಹಚ್ಚಿದ್ದಾಗ, ತೋಂಟೇಶನ ಸಂದೇಶ ಬಂತು. ಅವನ ದನಿ ನಮ್ಮ ಕಡೆ ಅಕ್ಷರವಾಗಿ ಬರುತ್ತದೆ. ತಾರೀಖನ್ನೂ ಯಂತ್ರ ನಮ್ಮ ಕ್ಯಾಲೆಂಡರಿಗೆ ಸರಿಮಾಡಿ ಕೊಡುತ್ತದೆ, ಅಷ್ಟು ಬುದ್ಧಿ ಅದಕ್ಕಿದೆ. “ಅಕ್ಕಾ, ಎದಿಯೊಳಗಿನ ಕವಾಟ ಕೆಟ್ಟೈತಂತ. ಹದಿನಾಲ್ಕಕ್ಕ ಆಪರೇಶನ್ ಮಾಡ್ತಾರಂತ. ನನಗ ಭಾಳ ಅಂಜಿಕಿ ಆಗೈತಿ. ನೀ ಬಂದು ಬಾಜೂಕ ಕುಂತ್ರ ಮಾಡಿಸ್ಕೋತೀನಿ, ಇಲ್ಲಂದ್ರ ನನಗ ಬ್ಯಾಡ. ಬರ್ತಿಯೋ ಇಲ್ಲೋ, ಅಷ್ಟ ಹೇಳು.”

ಓದಿದ ತಕ್ಷಣ ನನ್ನ ಕಣ್ಣು ತುಂಬಿತು. ಹೆಬ್ಬೆರಳು ಗಾಜಿನ ಮೇಲೆ ಹೋಯಿತು. ಒಂದು ನಿಮಿಷ ಪೂರ್ತಿ ಒತ್ತಿ ಹಿಡಿದೆ. ಜೀವಮಾನದಲ್ಲಿ ಯಾರಿಗೂ ಅಷ್ಟು ಹೊತ್ತು ಒತ್ತಿದವಳಲ್ಲ. ಆಮೇಲೆ ಸಾಲಿನಲ್ಲಿದ್ದವರನ್ನು ಬಿಟ್ಟೆದ್ದು ಹಾದಿಚೀಟಿಗೆ ಅರ್ಜಿ ಹಾಕಿ ಬಂದೆ. ಹನ್ನೆರಡಕ್ಕೆ ಚೀಟಿ ಸಿಗುತ್ತದೆ, ಹದಿನಾಲ್ಕಕ್ಕೆ ಆಪರೇಶನ್, ಎರಡು ದಿನ ಮೊದಲೇ ಅವನ ಪಕ್ಕದಲ್ಲಿರುತ್ತೇನೆ ಎಂದು ಬೆರಳು ಮಡಿಚಿ ಎಣಿಸಿದೆ. ಅವನಿಂದ ಮತ್ತೆ ಸಂದೇಶ ಬರಲಿಲ್ಲ. ನನಗೆ ಅದು ಸರಿಯೆನಿಸಿತು, ಒತ್ತು ಮುಟ್ಟಿದ ಮೇಲೆ ಮಾತೇಕೆ? ಶೇಂಗಾ ಚಟ್ನಿ ಕುಟ್ಟಿದೆ. ನಮ್ಮವ್ವ ಹೊಲಿದ ಕೌದಿಯನ್ನು ಬಿಸಿಲಿಗೆ ಹಾಕಿ ಮಡಿಚಿಟ್ಟೆ. ನಡುವೆ ಐದು ದಿನ ಕಟ್ಟೆಗೂ ಹೋದೆ, ಎಷ್ಟೋ ಜನರ ಹೆಬ್ಬೆರಳನ್ನು ಗಾಜಿನ ಮೇಲಿಂದ ತೆಗೆಸಿದೆ. ಆಗಲೂ ನನಗೆ ಹೊಳೆಯಲಿಲ್ಲ. ಇದನ್ನು ಹೇಗೆ ಹೇಳಲಿ? ಹೊಳೆಯಲಿಲ್ಲ, ಅಷ್ಟೇ.

ಹನ್ನೆರಡನೇ ತಾರೀಖು ಸಂಜೆ ಹೊಸಪೇಟೆಯ ಅವನ ಮನೆ ಮುಟ್ಟಿದಾಗ ಅಂಗಳದಲ್ಲಿ ಜನ ಸೇರಿದ್ದರು. ಬೆಳಿಗ್ಗೆ ಹತ್ತು ಗಂಟೆಗೆ ಅವನ ಎದೆ ನಿಂತಿತ್ತು. ಹುಲಿಗೆಮ್ಮ ನನ್ನನ್ನು ನೋಡಿ ಅಳಲಿಲ್ಲ. ನನ್ನ ಕೈಯಲ್ಲಿದ್ದ ಚೀಲವನ್ನೂ ಕೌದಿಯನ್ನೂ ನೋಡಿದಳು. “ಈಗ್ಯಾಕ ಬಂದ್ರಿ ಅಕ್ಕಾರ? ಬರಂಗಿಲ್ಲ ಅಂತ ಕಳ್ಸಿದ್ರಲ್ಲ” ಎಂದಳು. ನನಗೆ ಅರ್ಥವಾಗಲಿಲ್ಲ. ಅವಳು ಒಳಗಿನಿಂದ ಅವನ ಫೋನು ತಂದು ನನ್ನ ಒತ್ತನ್ನು ನನಗೆ ಕೇಳಿಸಿದಳು. ಒಂದು ನಿಮಿಷದ ಬರಿದನಿ. ಅಷ್ಟು ಉದ್ದದ ಬರಿದನಿಯನ್ನು ತೊರೆಯವರು ವೈರಿಗೂ ಕಳಿಸುವುದಿಲ್ಲವಂತೆ. ಮೂರು ಸಲ ಹಾಕಿ ಕೇಳಿದನಂತೆ, ಕೊನೆಗಾದರೂ ಒಂದು ಮಾತು ಇದ್ದೀತು ಎಂದು. ದಾಟಿಸುವುದೇ ಕೆಲಸವಾದ ಅಕ್ಕ ತಪ್ಪಿ ಒತ್ತಿರಲಾರಳು ಎಂದುಕೊಂಡಿರಬೇಕು. ಮರುದಿನ ಆಸ್ಪತ್ರೆಗೆ ಹೋಗಿ ಆಪರೇಶನ್ ಬೇಡ ಎಂದು ಹೇಳಿ, ಹದಿನಾಲ್ಕರವರೆಗೆ ಎದೆ ನಿಲ್ಲದ ಹಾಗೆ ಅಲ್ಲೇ ಇರಿಸಿಕೊಂಡು ಕೊಡಬೇಕಿದ್ದ ಔಷಧಿಯನ್ನೂ ಬಿಟ್ಟು ಮನೆಗೆ ಬಂದನಂತೆ.

ಆಮೇಲೆ ಅವನು ನನಗಾಗಿ ಮಾತಾಡಿಟ್ಟು ಕಳಿಸದೇ ಬಿಟ್ಟದ್ದನ್ನು ಹುಲಿಗೆಮ್ಮ ಹಾಕಿದಳು. ಬರಿದನಿ ಬಂದ ಮೇಲೆ ಮಾತಾಡುವುದು ಅವರಲ್ಲಿ ಮರ್ಯಾದೆಯಲ್ಲ, ಅದಕ್ಕೇ ಕಳಿಸಿರಲಿಲ್ಲ. ಹನ್ನೊಂದು ವರ್ಷದ ಮೇಲೆ ತಮ್ಮನ ದನಿ ಕೇಳಿದೆ. “ಆತು ಬಿಡಕ್ಕಾ. ನಿನಗ ಅನಕೂಲ ಆಗಿರಾಕಿಲ್ಲ. ನನಗೇನು ಸಿಟ್ಟಿಲ್ಲ. ನೀನೂ ಮನಸಿಗೆ ಹಚ್ಕೋಬ್ಯಾಡ.” ಅವನು ನನ್ನನ್ನು ಕ್ಷಮಿಸಿ ಸತ್ತ, ನಾನು ಮಾಡದ ತಪ್ಪಿಗೆ. ಮಾಡಿದ ತಪ್ಪು ಅವನಿಗೆ ಗೊತ್ತೇ ಆಗಲಿಲ್ಲ. ನಾನು ಅಲ್ಲಿ ನೆಲದ ಮೇಲೆ ಕೂತು ಬಾಯಿ ಬಿಟ್ಟು ಅತ್ತೆ. ಆ ಊರಿನ ಹೆಂಗಸರು ಬಂದು ನನ್ನ ಬೆನ್ನು ಸವರಿದರು. ಹುಲಿಗೆಮ್ಮ ಬರಲಿಲ್ಲ. ಒತ್ತು ಎಂದರೇನು ಎಂದು ನಾನು ಅವಳಿಗೆ ಬಿಡಿಸಿ ಹೇಳಿದೆ, ಅವಳು ಕೇಳಿಸಿಕೊಂಡಳು, ನಂಬಿದಳೋ ಇಲ್ಲವೋ ಗೊತ್ತಿಲ್ಲ.

ಯಂತ್ರವನ್ನು ಬೈಯಲೂ ಆಗುವುದಿಲ್ಲ. ಅದು ಬೋರ್ಡಿನಲ್ಲಿ ಬರೆದದ್ದನ್ನೇ ಮಾಡಿದೆ. ಮನೆಗೆ ಬಂದು ಮೊಮ್ಮಗಳಿಗೆ ಹೇಳಿದರೆ ಅವಳು, “ಅಜ್ಜ ನಮ್ಮ ಕಡೆ ಬಂದಿದ್ರ ಆಗ್ತಿತ್ತಲ್ಲಜ್ಜಿ?” ಎಂದಳು. ಹೊಸಪೇಟೆಯ ಮಕ್ಕಳೂ ನನ್ನ ಬಗ್ಗೆ ಇದನ್ನೇ ಅಂದಿರುತ್ತಾರೆ. ಎರಡನ್ನೂ ಕೂಡಿಸಬೇಕು ಎಂದು ಇಲ್ಲಿ ಈಗ ಯಾರಿಗೂ ಅನಿಸುವುದಿಲ್ಲ. ಅವರವರಿಗೆ ಅವರವರದು ಹಾಯಾಗಿದೆ. ನಾನು ಮತ್ತೆ ಕಟ್ಟೆಗೆ ಹೋಗಿ ಕೂರುತ್ತಿದ್ದೇನೆ, ಬೇರೆ ಕೆಲಸ ಬರುವುದಿಲ್ಲ.

ನಿಮ್ಮಲ್ಲಿ ಒಂದು ಬೇಡಿಕೆ. ನಿಮ್ಮ ಗ್ರೂಪಿನಿಂದ ಹೊರಗುಳಿದ ಒಬ್ಬರಾದರೂ ಇದ್ದಾರೆ. ಫೋನು ಬೇರೆ ಎಂದೋ, ಅವರ ಫೋಟೋ ಮಸುಕು ಎಂದೋ ಬಿಟ್ಟಿದ್ದೀರಿ. ನೀನೂ ನಮ್ಮದಕ್ಕೆ ಬಂದುಬಿಡು ಎಂದು ಅವರಿಗೆ ಹೇಳಬೇಡಿ. ಹತ್ತು ಅಂಕಿ ಒತ್ತಿ ಮಾತಾಡಿ. ನೀವು ನಾಳೆ ಮಾಡೋಣ ಎನ್ನುತ್ತೀರಿ, ನನಗೆ ಗೊತ್ತು. ನಿಮ್ಮ ರಕ್ತವೇ ಅಲ್ಲವೇ ನನ್ನ ಮೈಯಲ್ಲಿರುವುದು?

ಈ ಪತ್ರವನ್ನು ಹಾಕುತ್ತಿರುವುದು ಹಿಂಗಾಲದ ಅಂಚೆಯಲ್ಲಿ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುವ ಅಂಚೆ ಅದು, ಜನ್ಮಕ್ಕೆ ಒಂದೇ ಪತ್ರ ತೆಗೆದುಕೊಳ್ಳುತ್ತಾರೆ. ನಾನು ಮೊದಲು ಹೋಗಿ ಕೇಳಿದ್ದು ಇಪ್ಪತ್ತನಾಲ್ಕು ದಿನ ಹಿಂದಕ್ಕೆ ಹೋಗುತ್ತದೆಯೇ ಎಂದು. ಅಂಚೆಯವನು ಇಲ್ಲವೆಂದು ತಲೆಯಾಡಿಸಿದ. ನೂರು ವರ್ಷಕ್ಕಿಂತ ಈಚೆಗೆ ಯಾವ ಪತ್ರವೂ ನಿಲ್ಲುವುದಿಲ್ಲವಂತೆ. ಅದಕ್ಕೇ ನಿಮಗೆ ಇಷ್ಟು ಉದ್ದ ಬರೆದೆ. ಅವನಿಗೆ ಬರೆಯುವಂತಿದ್ದರೆ ಒಂದೇ ಮಾತು ಸಾಕಾಗಿತ್ತು: ಬರ್ತೀನೋ ತಮ್ಮಾ.

ಇಂತಿ ನಿಮ್ಮ,
ಮಹಾನಂದಾ ಅಬ್ಬಿಗೇರಿ