ಬೂದಿಯ ಕೆಳಗಿನ ಹೆಜ್ಜೆ

ವುನಿಸೆಯಾ, ಫಿಜಿ
ಆಗಸ್ಟ್ ೧೪

ಪ್ರೀತಿಯ ಅಮಿನಿಯಾಸಿ ಅಣ್ಣಾ,

ಹೇಗಿದ್ದೀಯ? ಆ ಮರಳುಗಾಡಿನ ಸೇನಾ ಶಿಬಿರದಲ್ಲಿ ಹೊಟ್ಟೆತುಂಬ ಊಟ ಸಿಗುತ್ತಿದೆಯೇ? ಕೆಮ್ಮು ಹೋಯಿತೇ? ಇಲ್ಲಿ ಎಲ್ಲರೂ ಕ್ಷೇಮ. ಅಜ್ಜಿಗೆ ಮಂಡಿನೋವಿದೆ, ಬಾಯಿಗೆ ಮಾತ್ರ ಯಾವ ನೋವೂ ಇಲ್ಲ.

ಹುಣ್ಣಿಮೆಯ ಉಬ್ಬರಕ್ಕೆ ಸಮುದ್ರ ಈಗ ಚರ್ಚಿನ ಮೆಟ್ಟಿಲವರೆಗೆ ಬರುತ್ತಿದೆ. ಅದಕ್ಕೇ ಊರನ್ನು ಗುಡ್ಡದ ಬುಡಕ್ಕೆ ಸಾಗಿಸಬೇಕೆಂದು ಹಿರಿಯರು ತೀರ್ಮಾನಿಸಿದ್ದರು. ಅಜ್ಜಿಯೊಬ್ಬಳೇ ಅಡ್ಡ ಬಂದಳು. ಕಾರಣ, ನಮ್ಮನ್ನು ಮಲಗಿಸುವಾಗ ಹೇಳುತ್ತಿದ್ದಳಲ್ಲ, ಅದೇ ಕಥೆ: ಬೆಂಕಿ ಕದ್ದವರ ಮೇಲೆ ಸಿಟ್ಟಾದ ಗುಡ್ಡದ ದೇವರು ತನ್ನ ಒಲೆಯನ್ನೇ ಒದ್ದದ್ದು, ಹಗಲು ಕಪ್ಪಾದದ್ದು, ಹಕ್ಕಿಗಳು ಮಾಗಿದ ದೀವಿಹಲಸಿನಂತೆ ಉದುರಿದ್ದು, ಉಳಿದವರು ಪೂರ್ವದ ದಿಣ್ಣೆಗೆ ಓಡಿದ್ದು. ಚರ್ಚಿನಲ್ಲಿ ಬೋಧನೆ ಮಾಡುವ ಅಪ್ಪನಿಗೆ ಆ ಕಥೆ ಕಂಡರಾಗದು, ನಿನಗೆ ಗೊತ್ತೇ ಇದೆ. ಸಭೆಯಲ್ಲೇ, "ಅಮ್ಮಾ, ಆ ದೆವ್ವದ ಕಥೆ ಸಾಕು ಮಾಡು. ಜನ ನಗ್ತಾರೆ," ಅಂದರು. "ನಗಲಿ ಬಿಡು. ನಕ್ಕವರೇ ಮೊದಲು ಅಲ್ಲಿ ಹೋಗಿ ಮಲಗಲಿ," ಅಂದಳು ಅಜ್ಜಿ.

ಆದರೂ ಹೋದ ವಾರ ಯಂತ್ರ ತಂದು ಗುಡ್ಡದ ಬುಡದಲ್ಲಿ ಅಡಿಪಾಯಕ್ಕೆ ಅಗೆದರು. ಕೆಂಪು ಮಣ್ಣಿನ ಕೆಳಗೆ ಆಳೆತ್ತರದ ಬೂದಿ. ಬೂದಿಯ ಕೆಳಗೆ ಕಲ್ಲಿನಂತೆ ಗಟ್ಟಿಯಾದ ಕೆಸರು, ಅದರಲ್ಲಿ ಮನುಷ್ಯರ ಹೆಜ್ಜೆ. ದೊಡ್ಡ ಪಾದ, ಪಕ್ಕದಲ್ಲಿ ಮಗುವಿನ ಪಾದ, ಎರಡೂ ಪೂರ್ವಕ್ಕೆ ಮುಖ ಮಾಡಿ. ಸುವಾ ಪಟ್ಟಣದಿಂದ ಬಂದ ಭೂವಿಜ್ಞಾನಿ ಹೆಂಗಸು ಮಂಡಿಯೂರಿ ಒಂದೊಂದೇ ಹೆಜ್ಜೆಯನ್ನು ಅಳೆದಳು. ಆಮೇಲೆ, "ಎರಡು ಸಾವಿರ ವರ್ಷವಾದರೂ ಆಗಿರಬೇಕು. ಈ ಗುಡ್ಡ ಜ್ವಾಲಾಮುಖಿ. ಅದು ಉರಿದಾಗ ಇಲ್ಲಿ ಜನ ಇದ್ರು," ಅಂದಳು.

ಯೋಚಿಸು, ಅಣ್ಣಾ. ಅಷ್ಟು ಕಾಲ, ಅಕ್ಷರವೇ ಇಲ್ಲದೆ, ಒಬ್ಬಳ ಬಾಯಿಂದ ಇನ್ನೊಬ್ಬಳ ಕಿವಿಗೆ ದಾಟುತ್ತಾ ಬಂದು ನಮ್ಮ ಚಾಪೆ ಮುಟ್ಟಿದೆ ಆ ಕಥೆ. ನಾವು ಅದನ್ನು ಕೇಳುತ್ತಾ ಗೊರಕೆ ಹೊಡೆದೆವು. ಅಜ್ಜಿ ಅಗೆದ ಗುಂಡಿಯ ಅಂಚಿನಲ್ಲಿ ಕೂತು, ದೊಡ್ಡವರ ಮುಂದೆ ಗೌರವಕ್ಕೆ ಮಾಡುವಂತೆ ಅಂಗೈ ಬೊಗಸೆ ಮಾಡಿ ಮೆಲ್ಲಗೆ ಚಪ್ಪಾಳೆ ತಟ್ಟಿದಳು. "ನಾ ಕಟ್ಟಿ ಹೇಳಿದ್ದಲ್ಲ ಕಣೇ," ಅಂದಳು ನನಗೆ. "ಓಡಿ ಬದುಕಿದವಳು ಹೇಳಿದ್ದು."

ಊರು ಈಗ ಪೂರ್ವದ ದಿಣ್ಣೆಗೆ ಹೋಗುತ್ತದೆ. ನಿನಗೂ ಒಂದು ಜಾಗ ಹಿಡಿದಿದ್ದೇವೆ. ಹುಷಾರಾಗಿರು, ದೇವರು ನಿನ್ನ ಜೊತೆಗಿರಲಿ.

ನಿನ್ನ ತಂಗಿ,
ತರೈವಿನಿ

ತಾ.ಕ.: ದೋಣಿ ಹೊರಡುತ್ತಿದೆ, ಅವಸರದಲ್ಲಿ ಬರೆಯುತ್ತಿದ್ದೇನೆ. ಈಗಷ್ಟೇ ಅಪ್ಪ ಬಂದು ಅಜ್ಜಿಯ ಎದುರು ನೆಲದ ಮೇಲೆ ಕೂತು, "ಅಮ್ಮಾ, ಮೊದಲಿಂದ ಹೇಳು," ಅಂದರು. ಅಜ್ಜಿ ಶುರು ಮಾಡಿದಳು, ಅರ್ಧದಲ್ಲಿ ನಿಂತುಬಿಟ್ಟಳು. ಮುಂದಿನದು ನೆನಪಾಗಲಿಲ್ಲ. ಅಪ್ಪ ತಲೆ ತಗ್ಗಿಸಿ, ಒಂದು ಪದವೂ ತಪ್ಪದಂತೆ, ಮುಂದಿನ ಸಾಲು ಹೇಳಿಕೊಟ್ಟರು.